ವೃಷಭನ ಹೆಸರಿನ ಗ್ರಹ

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಮೊಬೈಲ್ ನೋಡಬಾರದಿತ್ತು. ನೋಡಿದರೂ ಬಾಯಿ ತೊಳೆದುಕೊಂಡು ಮಾತಾಡಬೇಕಿತ್ತು. ವೃಷಭ ಎರಡೂ ತಪ್ಪು ಮಾಡಿದ. ಬಾಯ್ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಹಿತ್ತಲಿನಿಂದ ತಾಯಿಗೆ, “ಅವ್ವಾ, ನನಗ ಗ್ರಹ ಸಿಕ್ಕೈತಿ” ಎಂದು ಕೂಗಿದ. ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಕೆಂಪವ್ವನಿಗೆ ಅದು “ಗ್ರಹ ಹೊಕ್ಕೈತಿ” ಎಂದು ಕೇಳಿಸಿತು.

ಸಾಂಗಲಿ ಪಕ್ಕದ ಮಾಧವನಗರದ ಒಂದು ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಸುವುದು ವೃಷಭನ ಕೆಲಸ. ಮೂವತ್ತು ದಾಟಿದರೂ ಮದುವೆಯಿಲ್ಲದ ಗಂಡಸಿನ ಸಂಜೆಗಳು ಬಹಳ ಉದ್ದ. ಅವನ್ನು ಕಳೆಯಲು ಅವನಿಗೊಂದು ಜಾಲತಾಣ ಸಿಕ್ಕಿತ್ತು. ವಿಜ್ಞಾನಿಗಳು ದೂರದ ನಕ್ಷತ್ರಗಳ ಬೆಳಕನ್ನು ಅಳೆದು, ಅದರ ಏರಿಳಿತವನ್ನು ಗೆರೆಯಾಗಿ ಎಳೆದು, ಯಾರು ಬೇಕಾದರೂ ನೋಡಲೆಂದು ಅದರಲ್ಲಿ ಹಾಕುತ್ತಿದ್ದರು. ನಕ್ಷತ್ರದ ಮುಂದೆ ಗ್ರಹ ಹಾದುಹೋದರೆ ಬೆಳಕು ಕೊಂಚ ಕುಂದುತ್ತದೆ, ಗೆರೆಯಲ್ಲಿ ಒಂದು ತಗ್ಗು ಬೀಳುತ್ತದೆ. ತಗ್ಗು ಕಂಡಲ್ಲಿ ವೃಷಭ ಗುರುತು ಹಾಕುತ್ತಿದ್ದ. ಆ ಬೆಳಿಗ್ಗೆ ಆ ವಿಜ್ಞಾನಿಗಳಿಂದ ಸಂದೇಶ ಬಂದಿತ್ತು. ನೀವು ಗುರುತಿಸಿದ್ದು ಬಹುಶಃ ಗ್ರಹವೇ. ನೀರು ಹರಿಯುವಷ್ಟು ಹದವಾದ ಬಿಸಿಯಲ್ಲಿದೆ, ಜೀವಿಗಳು ವಾಸಿಸಲು ಯೋಗ್ಯವಿರಬಹುದು. ಮೊದಲು ಕಂಡವರೆಂದು ನಿಮ್ಮ ಹೆಸರು ಹಾಕಿದ್ದೇವೆ ಎಂದು.

ಬೇರೆ ಯಾವ ದಿನವಾದರೂ ನಡೆಯುತ್ತಿತ್ತು. ಆದರೆ ಅಂದು ಬೇಡಗ ಊರಿನ ಆದಪ್ಪ ಮನೆ ನೋಡಲು ಬರುವವರಿದ್ದರು. ವರನನ್ನು ತಾನೇ ನೋಡಿ ಹೇಳುತ್ತೇನೆಂದು ಅವರ ಮಗಳು ಬ್ರಾಹ್ಮಿಯೂ ಹಟ ಹಿಡಿದು ಜೊತೆಗೆ ಹೊರಟಿದ್ದಳು. ಸೀರೆ ಮಡಿಸುವವನಿಗೆ ಹೆಣ್ಣು ಕೊಡುವುದಿಲ್ಲವೆಂದು ಈವರೆಗೆ ಬಂದವರೆಲ್ಲ ಅವಲಕ್ಕಿ ತಿಂದು ಎದ್ದುಹೋಗಿದ್ದರು. ಈ ಸಂಬಂಧವೂ ತಪ್ಪಿದರೆ ಇನ್ನು ಹುಡುಕುವುದಿಲ್ಲವೆಂದು ತಾಯಿ ಮಂಗಲಕ್ಕ ಹೇಳಿಬಿಟ್ಟಿದ್ದಳು.

ಕೆಂಪವ್ವ ಒಳ್ಳೆಯ ಹೆಂಗಸು. ಯಾರ ಮನೆಯ ಕಷ್ಟವನ್ನೂ ಅವರೊಬ್ಬರಿಗೇ ಬಿಟ್ಟು ಸುಮ್ಮನಿರುವವಳಲ್ಲ. ವೃಷಭ ಬಾಯಿ ಮುಕ್ಕಳಿಸುವುದರೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿಸಿ, ನಿಂಬೆಹಣ್ಣು, ಉಪ್ಪು, ಮೆಣಸಿನಕಾಯಿ ಹಿಡಿದು ಅವನ ಮುಂದೆ ನಿಂತಿದ್ದಳು. ಅವನು ಬೇಡವೆಂದಷ್ಟೂ, ಒಳಗಿರುವುದು ಜಿದ್ದಿನದು ಎಂದು ನಾಲ್ಕು ಜನ ಅವನನ್ನು ಹಿಡಿದುಕೊಂಡರು. ನಿಂಬೆರಸ ಕಣ್ಣಿಗೆ ಸಿಡಿಯಿತು. ಕಣ್ಣು ಕೆಂಪಾಗಿದ್ದನ್ನು ಕಂಡು ಜನರ ಅನುಮಾನ ಗಟ್ಟಿಯಾಯಿತು. ಎದುರು ಮನೆಯ ಕಾಡಪ್ಪ ಇಷ್ಟನ್ನು ನೋಡಿ, ಮರುಗುತ್ತ ತನ್ನ ರಿಕ್ಷಾ ಹೊಡೆದುಕೊಂಡು ಸಾಂಗಲಿಗೆ ಹೋದ.

ಕಾಡಪ್ಪ ಹೋದ ಮೇಲೆ ವೃಷಭ ಹೇಗೋ ಎಲ್ಲರನ್ನೂ ಕೂರಿಸಿ ವಿಷಯ ತಿಳಿಸಿದ. ವಾಸಕ್ಕೆ ಯೋಗ್ಯ ಎಂಬ ಮಾತು ಬಂದದ್ದೇ ಓಣಿಯ ಮುಖ ಅರಳಿತು. ಅಲ್ಲಿ ಪ್ಲಾಟು ಹಾಕಿದ್ದಾರೆಯೇ, ನಳದ ನೀರು ದಿನಾ ಬರುತ್ತದೆಯೇ ಎಂದು ಪ್ರಶ್ನೆಗಳು ಶುರುವಾದವು. ಹಿಂದೊಮ್ಮೆ ಸಾಂಗಲಿಯ ಹೊಳೆದಂಡೆಯಲ್ಲಿದ್ದು, ಮನೆಯೊಳಗೆ ನೀರು ಹೊಕ್ಕಾಗ ಮಾಧವನಗರಕ್ಕೆ ಬಂದವಳು ಕೆಂಪವ್ವ. ಅವಳು ಕೇಳಿದ್ದು ಒಂದೇ.

“ಅಲ್ಲಿ ಮಹಾಪೂರ ಬರತೈತೇನಪಾ?”

ಅಲ್ಲಿ ನೀರಿರುವುದೇ ಇನ್ನೂ ಗೊತ್ತಿಲ್ಲ ಎಂದು ವೃಷಭ ಹೇಳಿದ. ಹಾಗಾದರೆ ಅದು ಭಾರಿ ಒಳ್ಳೆಯ ಜಾಗ ಎಂದು ಕೆಂಪವ್ವ ತೀರ್ಪು ಕೊಟ್ಟಳು.

ಅತ್ತ ಸಾಂಗಲಿಯಲ್ಲಿ ಕಾಡಪ್ಪನ ರಿಕ್ಷಾ ಹತ್ತಿದವರು ಆದಪ್ಪ ಮತ್ತು ಬ್ರಾಹ್ಮಿಯೇ. ವೃಷಭನ ಮನೆ ಎಲ್ಲಿ ಎಂದು ಅವರು ಕೇಳಿದ್ದಕ್ಕೆ ಕಾಡಪ್ಪ ನಿಟ್ಟುಸಿರು ಬಿಟ್ಟು, ಹುಡುಗ ಬಂಗಾರದಂಥವನು, ಇವತ್ತು ಬೆಳಿಗ್ಗೆಯೇ ಮೈಯಲ್ಲಿ ಗ್ರಹ ಹೊಕ್ಕಿತು, ನಾಲ್ಕು ಜನ ಹಿಡಿದರೂ ನಿಲ್ಲಲಿಲ್ಲ ಎಂದು ಕಂಡದ್ದನ್ನು ಕಂಡಂತೆ ಹೇಳಿದ.

ಹೀಗಾಗಿ ಆದಪ್ಪ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಕೆಂಗಣ್ಣಿನ ವರ ಕೈಮುಗಿದಾಗ ಮಗಳನ್ನು ಹಿಂದಕ್ಕೆಳೆದುಕೊಂಡರು. ಪರಿಸ್ಥಿತಿಯನ್ನು ಕೆಂಪವ್ವ ಕೈಗೆತ್ತಿಕೊಂಡಳು.

“ಒಳಗ ಬರ್ರಿ, ಕುಂದ್ರಿ. ಗ್ರಹ ಇವನ ಮೈಯಾಗ ಹೊಕ್ಕಿಲ್ರಿ. ಇವನ ಹೆಸರಿಗೆ ಆಗೇತಿ.”

ಆದಪ್ಪ ಎಲೆಬಳ್ಳಿ ತೋಟದ ರೈತರು. ಹೆಸರಿಗೆ ಆಗೇತಿ ಎಂಬ ಮಾತು ಅವರ ಕಿವಿಗೆ ಸರಿಯಾಗಿ ಇಳಿಯಿತು. ಚಪ್ಪಲಿ ಬಿಟ್ಟು ಕುಳಿತರು. ಮಣ್ಣು ಕರಿಯೋ ಕೆಂಪೋ, ಬಳ್ಳಿ ಹಬ್ಬುತ್ತದೆಯೇ ಎಂದು ವಿಚಾರಿಸಿದರು. ಅದರ ಬೆಳಕು ಇಲ್ಲಿಗೆ ಬರಲು ತಲೆಮಾರುಗಳೇ ಬೇಕು ಎಂದು ಹೇಳಲು ವೃಷಭ ಬಾಯಿ ತೆರೆಯುವಷ್ಟರಲ್ಲಿ ಮಂಗಲಕ್ಕ ಅವನ ತೊಡೆ ಚಿವುಟಿದಳು. ಇನ್ನೂ ಮಣ್ಣಿನ ಪರೀಕ್ಷೆ ಆಗಿಲ್ಲ ಎಂದಷ್ಟೇ ಹೇಳಿದ.

ಆಗ ಬ್ರಾಹ್ಮಿ ಮೊದಲ ಸಲ ಮಾತಾಡಿದಳು. ಅವಳು ಮಿರಜದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು.

“ಗ್ರಾಫ್ ದಾಖವಾ ನಾ, ತೋರಸ್ರಿ. ನಾನೂ ನೋಡ್ತೇನಿ.”

ಹುಡುಗ ಹುಡುಗಿ ಮಾತಾಡಲೆಂದು ಇಬ್ಬರನ್ನೂ ಒಳಕೋಣೆಗೆ ಕಳಿಸಿದರು. ವೃಷಭ ಮೊಬೈಲ್ ಹಿಡಿದ. ಇಷ್ಟು ವರ್ಷ ಒಬ್ಬನೇ ನೋಡಿದ್ದ ಗೆರೆಯನ್ನು ಇನ್ನೊಬ್ಬರು ಬಾಗಿ ನೋಡುತ್ತಿದ್ದುದು ಅವನಿಗೆ ಗ್ರಹ ಸಿಕ್ಕಿದ್ದಕ್ಕಿಂತ ದೊಡ್ಡ ಸಂಗತಿ ಅನ್ನಿಸಿತು. ಬ್ರಾಹ್ಮಿ ಪರದೆಯ ಮೇಲೆ ಬೆರಳಿಟ್ಟಳು.

“ಈ ತಗ್ಗು ಆಳ ಐತಿ, ಮುಂದಿಂದು ಕಮ್ಮಿ ಐತಿ. ಇದು ಗ್ರಹ ಅಲ್ಲ ಅನಸತೈತಿ. ಎರಡು ನಕ್ಷತ್ರ ಒಂದರ ಸುತ್ತ ಒಂದು ತಿರಗತಿರಬೇಕು.”

ವೃಷಭ ಗೆರೆ ನೋಡಲಿಲ್ಲ. ಬೆರಳು ನೋಡಿದ. ನೀವು ಹೇಳಿದ್ದೇ ಖರೆ ಎಂದವನು, ಅವಳ ಕಣ್ಣೆದುರೇ ‘ನನ್ನ ಗುರುತು ತಪ್ಪು’ ಎಂಬಲ್ಲಿ ಒತ್ತಿಬಿಟ್ಟ. ಅವನ ಹೆಸರು ಅಳಿಸಿಹೋಯಿತು. ಅಷ್ಟಕ್ಕೇ ಬಿಡದೆ ಪಡಸಾಲೆಗೆ ಬಂದು, ಗ್ರಹ ಇಲ್ಲ, ತನ್ನದೇ ತಪ್ಪು ಎಂದು ಎಲ್ಲರ ಮುಂದೆ ಸಾರಿದ. ಕೆಂಪವ್ವ ತನ್ನ ಜಾಗವೇ ಹೋದಂತೆ ಕುಸಿದು ಕುಳಿತಳು. ಮಂಗಲಕ್ಕ ಕಣ್ಣು ಮುಚ್ಚಿಕೊಂಡಳು. ಆದರೆ ಬ್ರಾಹ್ಮಿ ತಂದೆಯ ಪಕ್ಕ ಕುಳಿತು ಮೆಲ್ಲಗೆ ಹೇಳಿದಳು.

“ತನ್ನ ತಪ್ಪು-ಚೂಕ ಒಪ್ಪಕೊಳ್ಳೋ ಗಂಡಸನ್ನ ನಾ ಇವತ್ತ ಮೊದಲ ಸಲ ನೋಡಿದೆ ಪಪ್ಪಾ.”

ಆದಪ್ಪ ಯೋಚಿಸಿದರು. ಜಮೀನು ಹೋದರೂ ಮೈಯಲ್ಲಿನ ಗ್ರಹದ ಭಯವೂ ಹೋಯಿತಲ್ಲ ಎಂದರು. ಅವಲಕ್ಕಿ ಎರಡನೇ ಸಲ ಹಾಕಿಸಿಕೊಂಡರು. ಸಂಜೆ ಫೋನ್ ಮಾಡಿ ಮುಹೂರ್ತದ ಮಾತು ಆಡೋಣ ಎಂದು ಎದ್ದರು. ಇಡೀ ಓಣಿ ರಿಕ್ಷಾದವರೆಗೆ ಬಂದು ಬೀಳ್ಕೊಟ್ಟಿತು. ಮಧ್ಯಾಹ್ನವೆಲ್ಲ ವೃಷಭ ಸುಮ್ಮಸುಮ್ಮನೆ ನಗುತ್ತಿದ್ದ. ಮತ್ತೆ ನಿಂಬೆಹಣ್ಣು ತರಲೇ ಎಂದು ಕೆಂಪವ್ವ ಕೇಳಿಯೂ ಕೇಳಿದಳು.

ಹೊತ್ತು ಮುಳುಗುವ ಮುನ್ನ ಫೋನ್ ಬಂತು. ಆದಪ್ಪನವರ ದನಿಯಲ್ಲಿ ಸಂಕೋಚವಿತ್ತು. ಮಿರಜದಿಂದ ಬೇಡಗಕ್ಕೆ ಹೋಗುವ ಬಸ್ಸಿನಲ್ಲಿ ಬ್ರಾಹ್ಮಿ ಆ ಗೆರೆಯನ್ನು ತನ್ನ ಮೊಬೈಲಿನಲ್ಲಿ ಮತ್ತೆ ಪೂರ್ತಿ ನೋಡಿದ್ದಳಂತೆ. ಅವಳು ಬೆರಳಿಟ್ಟ ಆ ಒಂದು ಕಡೆ ಮಾತ್ರ ದೂರದರ್ಶಕದ ಅಳತೆ ಕೆಟ್ಟಿತ್ತಂತೆ. ಉಳಿದ ತಗ್ಗುಗಳೆಲ್ಲ ಒಂದೇ ಆಳ. ಅದು ಗ್ರಹವೇ ಅಂತೆ. ಅವಳು ಗುರುತು ಹಾಕಿದ್ದೇ ತಡ, ಬೇರೆ ಯಾರ ಹೆಸರೂ ಇರಲಿಲ್ಲವಾಗಿ ಅವಳ ಹೆಸರೇ ದಾಖಲಾಯಿತಂತೆ. ಇದು ವೃಷಭನದು ಎಂದು ಅವಳು ಮೂರು ಸಲ ಬರೆದಳಂತೆ. ಅವರೇ ತಮ್ಮದಲ್ಲ ಎಂದಿದ್ದಾರೆ ಎಂದು ಉತ್ತರ ಬಂತಂತೆ.

“ಆಕಿಗೆ ನೀವು ಪಸಂದ ಇದ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಊರಾಗ ಸುದ್ದಿ ಆತು ನೋಡ್ರಿ. ಈಗ ಹುಡುಗಿ ಹೆಸರಿಗೆ ಒಂದು ಗ್ರಹ ಐತಿ. ಅದಕ್ಕ ತಕ್ಕಂಥಾ ವರಾ ನೋಡ್ರಿ ಅಂತ ನಮ್ಮ ಭಾವಕಿ ಮಂದಿ, ಅಣ್ಣತಮ್ಮರೆಲ್ಲ, ಹಟ ಹಿಡದು ಕುಂತಾರ. ತಪ್ಪ ತಿಳಕೋಬ್ಯಾಡ್ರಿ.”

ವೃಷಭ ಆಗಲಿ ಎಂದು ಫೋನ್ ಇಟ್ಟ. ಮಂಗಲಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಅವನ ಮುಖ ನೋಡಿ, ಏನಂದರು ಎಂದು ಕೇಳಿದಳು.

“ಗ್ರಹ ಕೂಡಲಿಲ್ಲಂತ, ಅವ್ವಾ” ಎಂದ ವೃಷಭ.