ದಾದಿಯವರ ಮೊದಲ ಚಮಚಾ

ನಾ ಒಲಿ ಹಚ್ಚಿದಲ್ಲೆಲ್ಲಾ ಒಂದಿಲ್ಲೊಂದು ತಮಾಷಾ ಗಂಟು ಬೀಳತೈತಿ. ನಾ ಶುದ್ಧ ಶಾಕಾಹಾರಿ, ಸಾಲಿ ಕಟ್ಟಿ ಹತ್ತಿದಾವಲ್ಲ. ಆದ್ರ ನಾರಾಯಣಗೂಡದಾಗ ನಾ ಬಾಸುಂದಿ ಕಾಸಾಕ ಕುಂತರ ಮೆಟ್ರೊ ರೈಲು ಮುಂದ ಹೋಗಾಕ ಒಲ್ಲೆ ಅಂತಿತ್ತು!

ಮಗ್ಗಲ ಮನಿ ಸಾಹೇಬರ ಮಗಳ ಲಗ್ನಕ್ಕ ಪುಡ್ಡಿಂಗ್ ಮಾಡೂದು ನನ್ನ ಪಾಲಿಗೆ ಬಂತು. ಸಾಹೇಬರ ತಾಯಿ, ಎಲ್ಲಾರಿಗೂ ದಾದಿ ಅಂದ್ರ ಅಜ್ಜಿ, ಹೊರಗಿನವರು ಮಾಡಿದ್ದನ್ನ ಎಂದೂ ಮುಟ್ಟಿದವರಲ್ಲ. ಅವರು ಮೊದಲ ಚಮಚಾ ತಿಂದರ ಲಗ್ನದ ಮಂದಿ ಎಲ್ಲಾ ತಿಂತಾರ. ಬಟ್ಟಲಾ ಸರಿಸಿದರ ನನ್ನ ಹೆಸರು ಮೂಸಿ ನದಿ ಪಾಲು. ಹಲಾಲ್ ಹೌದೋ ಅಲ್ಲೋ ನೋಡಾಕ ಮೌಲ್ವಿಯವರನ್ನ ಕೂಡಿಸಿದ್ರು. ಅವರೆಲ್ಲಾರ ಮಾತು ಉರ್ದೂ. ನಾ ಬರಿಯೂದು ನನ್ನ ಕನ್ನಡದಾಗ.

ಎಸೆನ್ಸ್

ಬಾಟಲಿ ಎತ್ತಿ, "ದಾದೀ, ಒಂದು ಹನಿ ಹಾಕಿದ್ರ ಘಮ ಅಮೀರ್‌ಪೇಟ್‌ತನಾ ಹೋಗತೈತ್ರಿ!" ಅಂದೆ.

ಮೌಲ್ವಿ ಚೀಟಿ ಓದಿ, "ಚಾಚಾ, ಇದರಾಗ ಆಲ್ಕೋಹಾಲ್ ಐತಿ. ಇಷ್ಟಕ್ಕ ಅಡ್ಡಿಯಿಲ್ಲ ಅನ್ನೋ ಪಂಡಿತರೂ ಇದ್ದಾರ, ಬ್ಯಾಡ ಅನ್ನವರೂ ಇದ್ದಾರ" ಅಂದ್ರು. ಒಂದು ಹನಿ ಸಲುವಾಗಿ ಅಷ್ಟು ದೊಡ್ಡ ತಲಿಗಳು ವಿಚಾರ ಮಾಡ್ಯಾವಲ್ಲ ಅಂತ ನಾ ದಂಗಾದೆ.

ದಾದಿ ಅಂದ್ರು: "ನಮ್ಮ ಮನಿ ಇರಲಿ ಭಾಯಿ, ಅಮೀರ್‌ಪೇಟ್ ಮಂದಿ ಏನು ಪಾಪ ಮಾಡ್ಯಾರ?"

ಕೆಂಪು ಬಣ್ಣ

ಎಸೆನ್ಸ್ ಬಿಟ್ಟು ಯಾಲಕ್ಕಿ ಕುಟ್ಟಿದೆ, ಬಣ್ಣದ ಡಬ್ಬಿ ತಗದೆ. ಮೌಲ್ವಿ ಅದರ ಮ್ಯಾಲಿನ ನಂಬರ್ ನೋಡಿ, "ಇದು ಹುಳ ಅರದು ತಗದ ಬಣ್ಣ, ಚಾಚಾ" ಅಂದ್ರು.

ಶ್ರೀಶೈಲದ ಅಡವ್ಯಾಗ ಹುಲಿಗೆ ಸೌಟು ತೋರಿಸಿ ಓಡಿಸಿದಾವ ನಾ, ಆ ಹುಳಕ್ಕ ಬೆವತೆ. ಹುಳದ ಹೊಟ್ಟ್ಯಾಗ ಮದುಮಗಳ ಸೀರಿ ಬಣ್ಣ ಇಟ್ಟ ದೇವರು ದೊಡ್ಡಾವ. ಬರೇ ನಂಬರ್ ನೋಡಿ ಆ ಹುಳ ಹಿಡಿದ ಮೌಲ್ವಿ ಕಡಿಮಿಯವರೇನು?

ದಾದಿ ಮಾತ್ರ, "ಯಾಕ ಭಾಯಿ, ಬೀಟ್‌ರೂಟ್ ನಿನ್ನ ಕೂಡ ಮಾತು ಬಿಟ್ಟೈತೇನು?" ಅಂದ್ರು.

ಜೆಲಾಟಿನ್

ಗಟ್ಟಿ ಮಾಡಾಕ ಜೆಲಾಟಿನ್ ಪುಡಿ ಬೇಕಾತು. ಸಾಹೇಬರು ದಿಲ್‌ಸುಖ್‌ನಗರತನಾ ತಿರುಗಿ ಹಲಾಲ್ ಮುದ್ರಿ ಇದ್ದ ಪಾಕೀಟು ತಂದ್ರು. ಮೌಲ್ವಿ ಒಪ್ಪಿದ್ರು. ಪುಡ್ಡಿಂಗ್ ಗಟ್ಟಿ ಆತು. ನಾ ತಿಂದು ತೋರಿಸಿದ ಮ್ಯಾಲೇ ಬಡಿಸೂದು ನನ್ನ ರೀತಿ. ಚಮಚಾ ಬಾಯಿಗೆ ಒಯ್ಯೂದ್ರಾಗ ಮೌಲ್ವಿ ಗಪ್ಪನ ಕೈ ಹಿಡಿದ್ರು.

"ನಿಲ್ರಿ ಚಾಚಾ! ಇದು ನಮಗ ನಡೀತೈತಿ, ನಿಮಗ ನಡ್ಯೂದಿಲ್ಲ. ದನದ ಎಲುಬಿನಿಂದ ಮಾಡಿದ್ದು!"

ನನ್ನ ಬಾಯಿ ತಗದದ್ದು ತಗದಂಗ ಉಳೀತು. ತಮ್ಮ ಧರ್ಮ ಕಾಯಾಕ ಬಂದವರು ನನ್ನದೂ ಕಾದ್ರಲ್ಲ!

ದಾದಿ ಹಂಡೇನ ಬಾಜೂಕ ಸರಿಸಿದ್ರು. "ಮಾಡಿದಾವಗ ತಿನ್ನಾಕ ಬರದ್ದು ನನ್ನ ಗಂಟಲಾಗ ಇಳಿಯೂದಿಲ್ಲ. ರಂಜಾನಿಗೆ ತಂದ ಚೈನಾ ಗ್ರಾಸ್ ತಗೀರಿ. ಅದು ಸಮುದ್ರದ ಪಾಚಿ, ಇಬ್ಬರಿಗೂ ನಡೀತೈತಿ."

ಬೀಗರು ಬಾಗಲಕ್ಕ ಬಂದಿದ್ರು. ಗಡಿಬಿಡಿಲೆ ಹೊಸಾ ಹಾಲು ಕಾಸಿದೆ, ಚೈನಾ ಗ್ರಾಸ್ ಕರಗಿಸಿದೆ, ಯಾಲಕ್ಕಿ ಹಾಕಿದೆ, ಬೀಟ್‌ರೂಟ್ ಹಿಂಡಿದೆ. ಗಟ್ಟಿ ಆತು. ಚಮಚಾ ಎತ್ತಿದೆ.

ಈ ಸಲ ದಾದಿ ತಡದ್ರು. "ಬ್ಯಾಡ ಭಾಯಿ. ನಿನ್ನ ಮ್ಯಾಲ ಭರೋಸಾ ಐತಿ. ಮೊದಲು ನಾ ತಿಂತೀನಿ."

ನನ್ನ ಕಣ್ಣಾಗ ನೀರು ಬಂತು. ದಾದಿ ತಿಂದ್ರು, ಕಣ್ಣು ಮುಚ್ಚಿದ್ರು, ನನ್ನ ತಲಿ ಮ್ಯಾಲ ಕೈ ಇಟ್ರು.

"ಭಾಳ ಪಾಕ್, ಭಾಳ ಶುದ್ಧ ಐತಿ ಭಾಯಿ. ದಾರೂ ಇಲ್ಲ, ಹುಳ ಇಲ್ಲ, ಎಲುಬು ಇಲ್ಲ... ಸಕ್ಕರೀನೂ ಇಲ್ಲ."