ಹಿಂದಕ್ಕೆ ಬಾರದ ಶಿಷ್ಯ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಬಲಗಾಲಿನದೊಂದು ಕಾಯಿಲೆಯಿತ್ತು. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಅದನ್ನು ತುಳಿದೂ ತುಳಿದೂ, ಈಗ ಬಸ್ಸಿನಲ್ಲಿ ಕೂತರೂ ಸೋಫಾದಲ್ಲಿ ಕೂತರೂ ಆ ಕಾಲು ತಾನಾಗಿ ನೆಲ ಒತ್ತುತ್ತಿತ್ತು. ರಜೆಯ ದಿನ ಗೆಳೆಯ ದೊರೆ ತನ್ನ ಬಾವನ ಕಾರನ್ನು ತಂದು ಬಾಗಿಲಲ್ಲಿ ನಿಲ್ಲಿಸಿದಾಗ ಮೊದಲು ಬೆಚ್ಚಿದ್ದು ಆ ಕಾಲೇ.

“ದಿನಾ ಯಾರ್‍ಯಾರದೋ ಪಕ್ಕ ಕೂತು ಸಾಯ್ತೀಯ. ಇವತ್ತು ಆರಾಮಾಗಿ ಕೂತ್ಕೊ, ಊರೆಲ್ಲ ಸುತ್ತಿಸ್ತೀನಿ,” ಎಂದ ದೊರೆ. “ಸಂಜೆಗೆ ಒಂದು ಸಿಹಿ ಸುದ್ದಿನೂ ಇದೆ.”

ದೊರೆ ಹೋದ ವರ್ಷ ಮೇಷ್ಟ್ರ ಬಳಿಯೇ ಕಲಿತವನು. ಕಲಿತದ್ದು ಮುಂದಕ್ಕೆ ಹೋಗುವುದನ್ನು ಮಾತ್ರ. ರಿವರ್ಸ್ ಪಾಠದ ದಿನಗಳಲ್ಲಿ ಇಬ್ಬರೂ ಕಾರನ್ನು ಮರದ ನೆರಳಿಗೆ ಹಾಕಿ, ಟೀ ಕುಡಿಯುತ್ತ ಹಳೆಯ ಕಾಲೇಜಿನ ಕತೆ ಹೊಡೆದಿದ್ದರು. ಕೊನೆಗೆ ಮೇಷ್ಟ್ರು ಸ್ಕೂಲಿನ ಯಜಮಾನಿಯ ಮುಂದೆ, “ಮುಂದೆ ಹಿಂದೆ ಎರಡಕ್ಕೂ ಎತ್ತಿದ ಕೈ, ಮೇಡಂ,” ಎಂದು ಹೊಗಳಿ ಕೈತೊಳೆದುಕೊಂಡಿದ್ದರು. ಈಚೆಗೆ ಅವರ ಇನ್ನೊಬ್ಬ ಶಿಷ್ಯ ಔಷಧಿ ಅಂಗಡಿಗೇ ಕಾರು ನುಗ್ಗಿಸಿದ ಮೇಲೆ ಯಜಮಾನಿ ಕಡ್ಡಿ ಮುರಿದ ಹಾಗೆ ಹೇಳಿದ್ದರು: “ಇನ್ನೊಬ್ಬ ಅರ್ಧಂಬರ್ಧ ಕಲಿತೋನು ನಿಮ್ಮ ಶಿಷ್ಯ ಅಂತ ಗೊತ್ತಾದ್ರೆ, ಆವತ್ತೇ ನಿಮ್ಮ ಕೆಲಸ ಮುಗೀತು.”

ವಸ್ತುಸಂಗ್ರಹಾಲಯದ ಮುಂದೆ ಎರಡು ಕಾರುಗಳ ನಡುವೆ ರಿವರ್ಸ್ ಹಾಕಿ ನಿಲ್ಲಿಸುವಷ್ಟು ಜಾಗವಿತ್ತು. ದೊರೆ ಅದನ್ನು ನೋಡಿ ಮುಂದೆ ಹೋದ. “ಒಳಗೇನಿದೆ, ಬರೀ ಹಳೇ ಮಡಕೆ.” ಉದ್ಯಾನವೂ ಹಾಗೇ ಹೋಯಿತು. ಊಟದ ಹೋಟೆಲಂತೂ ಮೂರು ಸಲ ಬಂತು, ಮೂರು ಸಲವೂ ಹೋಯಿತು. ಮೇಷ್ಟ್ರಿಗೆ ಹೊಟ್ಟೆ ತಾಳ ಹಾಕುತ್ತಿತ್ತು.

“ಸ್ಟೀರಿಂಗ್ ನಂಗೆ ಕೊಡು, ನಾನು ನಿಲ್ಲಿಸ್ತೀನಿ.”

“ಬಾವ ನನ್ನೊಬ್ಬನ್ನೇ ನಂಬಿ ಕೊಟ್ಟಿರೋದು,” ಎಂದ ದೊರೆ, ಸಿಗ್ನಲ್ಲಿನ ಗಲಾಟೆ ತಪ್ಪಿಸಲು ಒಂದು ಓಣಿಗೆ ಕಾರು ತಿರುಗಿಸಿದ. ಓಣಿಯ ಕೊನೆಗೆ ಗೋಡೆಯಿತ್ತು.

ಹಿಂದಕ್ಕೆ ಬರದೆ ಬೇರೆ ದಾರಿಯಿರಲಿಲ್ಲ. ಇಸ್ತ್ರಿ ಅಂಗಡಿಯವನು ಕೆಲಸ ಬಿಟ್ಟು ಓಡಿಬಂದು ಕಾರಿನ ಹಿಂಬದಿ ತಟ್ಟತೊಡಗಿದ. “ಬರ್ಲಿ, ಬರ್ಲಿ, ರೈಟ್ ಕಟ್ ಮಾಡಿ.” ಮಹಡಿಯ ಮೇಲಿಂದ ಒಬ್ಬರು ಲೆಫ್ಟ್ ಎಂದರು. ದೊರೆ ಗೇರಿನೊಡನೆ ಗುದ್ದಾಡಿದ. ಕಾರು ಮುಂದಕ್ಕೇ ನೆಗೆದು ಹೂಕುಂಡವೊಂದನ್ನು ಪುಡಿಮಾಡಿತು.

ಕುಂಡದ ಅಜ್ಜಿ ಪೊರಕೆ ಹಿಡಿದೇ ಹೊರಬಂದರು. “ಯಾವ ಪುಣ್ಯಾತ್ಮನಪ್ಪ ನಿಂಗೆ ಕಾರು ಕಲಿಸಿದ್ದು?”

ದೊರೆ ಹೆಮ್ಮೆಯಿಂದ ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರು ಇಳಿದು ಸುತ್ತಿ ಬಂದು ಅವನ ತೋಳು ಹಿಡಿದು ಕೆಳಗೆಳೆದರು.

“ಅರೆ, ಮೇಷ್ಟ್ರು,” ಎಂದ ಇಸ್ತ್ರಿಯವನು. “ನಮ್ಮ ಹುಡುಗಿ ನಿಮ್ಮ ಸ್ಕೂಲಿಗೇ ಬರ್ತಾಳೆ. ಇವ್ರೂ ನಿಮ್ಮ ಶಿಷ್ಯರೇನು?”

ಈ ಮಾತು ಹುಡುಗಿಯ ಬಾಯಿಂದ ಯಜಮಾನಿಯ ಕಿವಿಗೆ ಬೀಳಲು ಎಷ್ಟು ಹೊತ್ತು? “ಛೆ, ಯಾರೋ ಏನೋ,” ಎಂದರು ಮೇಷ್ಟ್ರು. “ದಾರೀಲಿ ಡ್ರಾಪ್ ಕೊಡ್ತೀನಿ ಅಂದ್ರು, ಹತ್ತಿದೆ.”

ದೊರೆಯ ಮುಖ ಸಣ್ಣಗಾಯಿತು. ಅಜ್ಜಿಗೆ ಹೊಸ ಕುಂಡ ತಂದುಕೊಡುವುದಾಗಿ ಒಪ್ಪಿ, ಮೇಷ್ಟ್ರು ಒಂದೇ ಉಸಿರಿಗೆ ಕಾರನ್ನು ಹಿಂದಕ್ಕೆ ತೆಗೆದರು. ಮುಖ್ಯರಸ್ತೆಯಲ್ಲಿ ಸ್ಟೀರಿಂಗ್ ಮತ್ತೆ ದೊರೆಯ ಕೈ ಸೇರಿತು. ಮೇಷ್ಟ್ರಿಗೆ ನಾಚಿಕೆಯೂ ಆಯಿತು, ಬದುಕಿದೆ ಎಂದೂ ಅನ್ನಿಸಿತು.

ಮೇಷ್ಟ್ರ ಮನೆ ಬಾಗಿಲಲ್ಲಿ ಕಾರು ನಿಲ್ಲಿಸಿ ದೊರೆ ಹೇಳಿದ, “ಗೊತ್ತೇ ಇಲ್ಲ ಅಂದ್ಬಿಟ್ಟೆಯಲ್ಲೋ. ಹೋಗ್ಲಿ ಬಿಡು, ನಾಳೆಯಿಂದ ಹಾಗನ್ನೋಕಾಗಲ್ಲ.”

“ಯಾಕೆ?”

“ನಿಮ್ಮ ಸ್ಕೂಲಲ್ಲಿ ಕಲಿಸೋರೊಬ್ರು ಕೆಲಸ ಬಿಟ್ರಲ್ಲ, ಆ ಜಾಗ ನಂಗೆ ಸಿಕ್ತು. ನೀನು ಹೊಗಳಿದ್ದನ್ನ ಯಜಮಾನಿ ಮರೆತಿಲ್ಲ ಕಣೋ. ರಿವರ್ಸ್ ಪಾಠ ಪೂರ್ತಿ ಇನ್ಮೇಲೆ ನಂದೇ ಅಂತೆ. ಬೆಳಗ್ಗೆ ಅವರೇ ಹಿಂದಿನ ಸೀಟಲ್ಲಿ ಕೂತು ನೋಡ್ತಾರಂತೆ.”

ಕಾರು ನಿಂತೇ ಇತ್ತು. ಆದರೂ ಮೇಷ್ಟ್ರ ಬಲಗಾಲು ಮ್ಯಾಟನ್ನು ಬಲವಾಗಿ ಒತ್ತಿತು.