ಉಳಿದದ್ದು ಜಿಂಕೆ ಒಂದೇ

ದೇಶದ ನಾಯಕರು ಮೂರು ದಿನ ಕಾಡಿನಲ್ಲಿ ಬೇಟೆಯಾಡಿ ಒಂದು ಇಲಿಯನ್ನೂ ಹೊಡೆಯದೆ ಹಿಂದಿರುಗಿದರು. ಅಷ್ಟಕ್ಕೆ ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ‘ನಾಯಕರು ಕರುಣೆಯಿಂದ ಕಾಡಿನ ಸಮಸ್ತ ಪ್ರಾಣಿಗಳನ್ನೂ ಕ್ಷಮಿಸಿದ್ದಾರೆ’ ಎಂದು ಅವರ ಕಚೇರಿ ಪ್ರಕಟಣೆ ಹೊರಡಿಸಿತು. ಅದನ್ನು ಓದಿದ ಸಂಜೆಪತ್ರಿಕೆಯ ವ್ಯಂಗ್ಯಚಿತ್ರಕಾರ ಗೀಟುರಾಯರ ಕೈ ತುರಿಸಿತು.

ಗೀಟುರಾಯರೆಂಬುದು ಪತ್ರಿಕೆಯವರು ಇಟ್ಟ ಹೆಸರು. ಮೊದಲೆಲ್ಲ ಅವರು ಚಿತ್ರವನ್ನು ಮನೆಯಲ್ಲೇ ಗೀಚಿ ಹೆಂಡತಿಗೆ ತೋರಿಸುತ್ತಿದ್ದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರೆ ಮಾತ್ರ ಅದು ಪತ್ರಿಕೆಗೆ. ಅವಳನ್ನು ದೇವರು ಕರೆದುಕೊಂಡು ವರ್ಷವಾಗಿತ್ತು. ಅಂದಿನಿಂದ ರಾಯರ ಚಿತ್ರಗಳು ತಂಗಳಾಗಿದ್ದವು. ಆ ಬೆಳಿಗ್ಗೆ ಗೀಚಿದ್ದನ್ನು ನೋಡಿ ಮಾತ್ರ, ಇದಕ್ಕೆ ಅವಳು ನಗುತ್ತಿದ್ದಳು ಎನಿಸಿತು.

ಚಿತ್ರದಲ್ಲಿ ನಾಯಕರು ಪೊದೆಯೊಳಗೆ ಬೋರಲು ಮಲಗಿ ಕೋವಿ ಗುರಿಯಿಟ್ಟಿದ್ದರು. ನಾಲ್ವರು ಅಧಿಕಾರಿಗಳು ಬೀಸಣಿಗೆ ಹಿಡಿದು ಗಾಳಿ ಬೀಸುತ್ತಿದ್ದರು. ಎಲ್ಲರ ಬೆನ್ನ ಹಿಂದೆ ಜಿಂಕೆಯೊಂದು ತಲೆಯೆತ್ತಿ ನಿಂತು ನಗುತ್ತಿತ್ತು.

ಆ ಪತ್ರಿಕೆಯಲ್ಲಿ ಒಂದು ಕ್ರಮವಿತ್ತು. ಚಿತ್ರ ಅಚ್ಚಿಗೆ ಹೋಗುವ ಮುನ್ನ ನಾಲ್ಕು ಮೇಜು ದಾಟಬೇಕು. ಪ್ರತಿ ಮೇಜಿನ ಮೇಲೂ ಒಂದು ಬಿಳಿ ಬಣ್ಣದ ಶೀಶೆ. ಬೇಡವಾದದ್ದಕ್ಕೆ ಯಾರು ಬೇಕಾದರೂ ಬಿಳಿ ಬಳಿಯಬಹುದು. ಹೊಸ ಗೀಟು ಹಾಕುವ ಹಕ್ಕು ಮಾತ್ರ ರಾಯರದು.

“ಕೋವಿ ಬೇಡ ರಾಯರೇ, ಹಿಂಸೆ ಅನ್ಸುತ್ತೆ,” ಎಂದು ಸುದ್ದಿ ವಿಭಾಗದ ಹಿರಿಯ ಬಿಳಿ ಬಳಿದ. ಕೋವಿ ಹೋದ ಮೇಲೆ ನಾಯಕರು ಕಳೆದ ಚಪ್ಪಲಿ ಹುಡುಕುವವರಂತೆ ಕಂಡರು.

“ಈಗ ಇನ್ನೂ ಚೆನ್ನಾಗಿದೆ,” ಎಂದರು ರಾಯರು.

“ಈ ಅಧಿಕಾರಿಗಳ ಇಲಾಖೆಯಿಂದಲೇ ಅಲ್ವೇ ನಮಗೆ ಜಾಹೀರಾತು ಬರೋದು?” ಎಂದು ಜಾಹೀರಾತಿನವ ನಾಲ್ವರನ್ನೂ ಅಳಿಸಿದ. ಅವಸರದಲ್ಲಿ ಬೀಸಣಿಗೆಗಳನ್ನು ಮರೆತ. ಅವು ದೆವ್ವ ಹಿಡಿದಂತೆ ತಾವೇ ಬೀಸುತ್ತಿದ್ದವು.

ಪತ್ರಿಕೆಯ ವಕೀಲ ಕನ್ನಡಕ ಏರಿಸಿದ. “ಈ ಮೂಗು ದೇಶದಲ್ಲಿ ಒಬ್ಬರಿಗೇ ಇರೋದು. ತೆಗೀಬೇಕು.”

“ಮೂಗಿಲ್ಲದ ನಾಯಕರು ಅಂದ್ರೆ ಇನ್ನೂ ದೊಡ್ಡ ಕೇಸಲ್ವೇ ಸ್ವಾಮಿ?” ಎಂದರು ರಾಯರು.

ವಕೀಲ ಬೆವರು ಒರೆಸಿಕೊಂಡು ತಲೆಯನ್ನೇ ಅಳಿಸಿಬಿಟ್ಟ.

ಕೊನೆಯ ಮೇಜು ಸಂಪಾದಕರದು. ನೋಡಿದವರೇ ಹೌಹಾರಿದರು. “ಅಯ್ಯೋ, ತಲೆಯಿಲ್ಲದ ಹೆಣ ಬಿದ್ದ ಹಾಗಿದೆಯಲ್ರೀ! ನಮ್ಮ ಗತಿ ಏನಾಗ್ಬೇಕು?” ಶೀಶೆಯನ್ನೇ ಬಗ್ಗಿಸಿ ಪೊದೆ, ಬೀಸಣಿಗೆ, ಮೈ ಎಲ್ಲವನ್ನೂ ಸಾರಿಸಿದರು. ಬ್ರಷ್ಷು ಜಿಂಕೆಯತ್ತ ಹೊರಳಿತು. ರಾಯರು ಎರಡೂ ಅಂಗೈ ಅಡ್ಡ ಇಟ್ಟರು.

“ಜಿಂಕೆ ಮುಟ್ಟಬೇಡಿ.”

“ಹಟ ಬೇಡ ರಾಯರೇ, ಕೆಲಸ ಹೋಗುತ್ತೆ.”

“ಹೋಗ್ಲಿ. ಮೂವತ್ತು ವರ್ಷ ನಿಮಗೆಲ್ಲ ಹೆದರಿದ್ದು ಸಾಕು, ಇನ್ನು ದೇವರೊಬ್ಬನಿಗೇ. ಮೂರು ದಿನ ಗುಂಡು ಹಾರಿಸಿದರೂ ಬದುಕಿದ ಪ್ರಾಣಿ ನಿಮ್ಮ ಬ್ರಷ್ಷಿಗೆ ಸಾಯ್ಬೇಕೇ?”

ಕೆಳಗೆ ಅಚ್ಚಿನ ಯಂತ್ರ ಹಸಿದ ಎಮ್ಮೆಯಂತೆ ಅರಚುತ್ತಿತ್ತು. ಸಂಪಾದಕರು ಗಡಿಯಾರ ನೋಡಿದರು. “ಒಂದು ಜಿಂಕೆ ತಾನೇ, ಇರ್ಲಿ ಬಿಡಿ. ಇದರಲ್ಲಿ ನಾಯಕರೆಲ್ಲಿದ್ದಾರೆ?”

ನಾಲ್ಕು ಗಂಟೆಗೆ ಪತ್ರಿಕೆ ಬೀದಿಗೆ ಬಂತು. ಕ್ಷಮೆಯ ಪ್ರಕಟಣೆಯನ್ನು ಊರೆಲ್ಲ ಓದಿತ್ತು; ಜಿಂಕೆ ಯಾರನ್ನು ನೋಡಿ ನಗುತ್ತಿದೆಯೆಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಸಾಲು ನಕ್ಕಿತು. ಎದುರಿನ ಕ್ಷೌರಿಕ ಕತ್ತಿಯನ್ನು ಕೆಳಗಿಟ್ಟು, “ಸ್ವಲ್ಪ ಇರಿ ಸ್ವಾಮಿ, ನನ್ನ ನಗು ನಿಲ್ಲೋವರೆಗೆ ನಿಮ್ಮ ಕುತ್ತಿಗೆ ಕ್ಷೇಮ ಅಲ್ಲ,” ಎಂದ. ಕಿಟಕಿಯಲ್ಲಿ ನಿಂತು ಅದನ್ನು ಕೇಳಿದ ರಾಯರ ಕಣ್ಣು ಒದ್ದೆಯಾಯಿತು.

ಐದು ಗಂಟೆಗೆ ಫೋನು. ನಾಯಕರ ಕಾರ್ಯದರ್ಶಿ ರಾಯರನ್ನು ಕೂಡಲೇ ಬರಹೇಳಿದ್ದ. ವಕೀಲ ಆ ಕ್ಷಣವೇ ರಜೆ ಹಾಕಿದ. “ನಿಮ್ಮನ್ನ ನಾನು ನೋಡೇ ಇಲ್ಲ,” ಎಂದು ಸಂಪಾದಕರು ಗೋಡೆಯತ್ತ ತಿರುಗಿದರು. ರಾಯರು ಚೀಲಕ್ಕೆ ಒಂದು ಟವೆಲ್ಲು, ರಕ್ತದೊತ್ತಡದ ಮಾತ್ರೆ ಹಾಕಿಕೊಂಡು, ಜೈಲಿಗೆ ಸಿದ್ಧರಾಗಿ ಮದುಮಗನಂತೆ ಹೊರಟರು.

ಕಾರ್ಯದರ್ಶಿ ಎದ್ದು ನಿಂತು ಕೈ ಹಿಡಿದುಕೊಂಡ. “ಬನ್ನಿ, ಬನ್ನಿ! ನಾಯಕರು ಚಿತ್ರ ನೋಡಿ ಕಣ್ಣೀರು ಹಾಕಿದರು.”

“ನೋವಾಯ್ತೇ? ಆಗಲಿ ಅಂತಲೇ ಬರೆದದ್ದು.”

“ಆನಂದದ ಕಣ್ಣೀರು ಸ್ವಾಮಿ! ಒಂಟಿಯಾಗಿ, ತಲೆಯೆತ್ತಿ, ಯಾರಿಗೂ ಹೆದರದೆ ನಗ್ತಾ ನಿಂತಿರೋದು! ತಮ್ಮನ್ನ ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ ಅಂದರು.”

“ಅದು ಅವರಲ್ಲ ಕಣ್ರೀ! ಅವರ ಗುಂಡು ತಾಗದೆ ಉಳಿದ ಜಿಂಕೆ!”

“ಎಂಥ ವಿನಯ! ನಾಯಕರು ಯಾವ ಚಿತ್ರ ನೋಡಿದರೂ ಮೊದಲು ಹುಡುಕೋದು ತಮ್ಮನ್ನೇ. ಇದರಲ್ಲಿ ಇನ್ಯಾರಾದರೂ ಇದ್ದಾರೆಯೇ, ನೀವೇ ಹೇಳಿ?”

ಕಾರ್ಯದರ್ಶಿ ಅದೇ ಚಿತ್ರದ ದೊಡ್ಡ ಭಿತ್ತಿಪತ್ರವೊಂದನ್ನು ಬಿಚ್ಚಿ ಹಿಡಿದ.

“ದೇಶದ ಗೋಡೆಗೋಡೆಗೂ ಅಂಟಿಸ್ತಿದ್ದೀವಿ. ಕೆಳಗೆ ನಿಮ್ಮ ಹೆಸರು: ‘ನಾಯಕರ ಮೆಚ್ಚಿನ ಕಲಾವಿದ’ ಅಂತ.”

ರಾಯರು ಮೇಜು ಗುದ್ದಿದರು. “ನಾನು ಒಪ್ಪಲ್ಲ! ಅದು ನಿಮ್ಮ ನಾಯಕರನ್ನ ಅಣಕಿಸಿದ ಚಿತ್ರ ಅಂತ ಬೀದಿಬೀದೀಲಿ ಕೂಗ್ತೀನಿ. ಹಾಕ್ರೀ ನನ್ನನ್ನ ಜೈಲಿಗೆ!”

ಕಾರ್ಯದರ್ಶಿ ಪ್ರೀತಿಯಿಂದ ಒಂದು ಲೋಟ ನೀರು ಮುಂದಿಟ್ಟ.

“ಧಾರಾಳವಾಗಿ ಹೋಗಿ ನೋಡ್ಕೊಂಡು ಬನ್ನಿ. ಮೊದಲು ಅಂಟಿಸಿದ್ದೇ ಜೈಲಿನ ಗೋಡೆಗೆ.”